ಬೋಗುಣಿಗೆ ಎಷ್ಟು ತಾಸು?

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಬಹಳ ಕಾಲವಾಯಿತು. ಗೋದಲಿ ಇದ್ದ ಜಾಗದಲ್ಲಿ ಈಗ ತಿಗರಿ ಇದೆ. ಹುಲ್ಲು ಒಟ್ಟುತ್ತಿದ್ದ ಅಟ್ಟದ ಮೇಲೆ ಹಸಿ ಪಾತ್ರೆಗಳು ಒಣಗುತ್ತವೆ. ಗೋಡೆಗೆ ಹೊಡೆದ ಹಲಗೆಗಳ ಮೇಲೆ ಸುಟ್ಟು ಮುಗಿದ ಲೋಟ, ಬೋಗುಣಿ, ಭರಣಿಗಳು ಕೂತಿವೆ. ಪ್ರತಿಯೊಂದರ ಮುಂದೆ ಒಂದು ಚೀಟಿ. ಲೋಟಕ್ಕೆ ಒಂದು ತಾಸು, ಬೋಗುಣಿಗೆ ಎರಡು, ಮುಚ್ಚಳ ಇರುವ ಭರಣಿಗೆ ಐದು. ಬೇಕಾದವರು ಪಾತ್ರೆ ಒಯ್ಯಬಹುದು, ಬದಲಿಗೆ ಅಷ್ಟು ತಾಸು ತಮ್ಮ ಹೊತ್ತನ್ನು ನನಗೆ ಕೊಡಬೇಕು. ಏನು ಕೆಲಸ, ಯಾವತ್ತು ಎನ್ನುವುದು ಕೂತು ಮಾತಾಡಿಕೊಂಡು ಆಗುವುದು. ನೋಟ್‌ಬುಕ್ಕಿನಲ್ಲಿ ಹೆಸರು, ಪಾತ್ರೆ, ತಾಸು ಬರೆದಿಡುತ್ತೇನೆ. ತೀರಿದ ಮೇಲೆ ಒಂದು ಅಡ್ಡಗೆರೆ.

ಕುಮಟೆ ಪೇಟೆಯಲ್ಲಿ ಇದನ್ನು ಹೇಳಿದರೆ ಜನ ಎರಡು ಥರ ನಗುತ್ತಾರೆ. ಒಂದು, ಪಾಪ ಎನ್ನುವ ನಗು. ಇನ್ನೊಂದು, ಇದರಲ್ಲೇನೋ ಹಿಕಮತ್ತು ಇದೆ ಎನ್ನುವ ನಗು. ಎರಡನೆಯವರು ನನಗೆ ಹೆಚ್ಚು ಇಷ್ಟ. ಅವರ ಅನುಮಾನದಲ್ಲಿ ಹುರುಳಿದೆ.

ಮೊದಲು ಹಿಕಮತ್ತಿನ ಮಾತು ಹೇಳಿಬಿಡುತ್ತೇನೆ. ನನಗೆ ಹೊಟ್ಟೆಪಾಡು ಬೇರೆ ಇದೆ. ಮನೆಯಲ್ಲೇ ಕೂತು ಪಠ್ಯ ತಿದ್ದುವ ಕೆಲಸ, ಸಂಬಳ ತಿಂಗಳಿಗೆ ಸರಿಯಾಗಿ ಬೀಳುತ್ತದೆ. ಮಣ್ಣಿನ ಕೆಲಸ ಕಲಿತದ್ದು ನಲವತ್ತು ದಾಟಿದ ಮೇಲೆ, ಖಾನಾಪುರದಲ್ಲಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದು ಅಲ್ಲೇ. ಆದರೆ ನಮ್ಮ ಕರಾವಳಿಯಲ್ಲಿ ಮಡಕೆಯಿಂದಲೇ ಬದುಕಿದವರು ಗುನಗರು. ಕುಮಟಾ, ಅಂಕೋಲಾ ಭಾಗದಲ್ಲಿ ಕುಂಬಾರಿಕೆ ಅವರ ಕುಲಕಸುಬು. ಜೊತೆಗೆ ಎಷ್ಟೋ ಊರುಗಳಲ್ಲಿ ಗ್ರಾಮದೇವರ ಪೂಜೆಯೂ ಅವರದ್ದೇ. ಬಂಡಿಹಬ್ಬದಲ್ಲಿ ಕಲಶ ಹೊರುವ ಮನೆತನವೇ ವಾರದ ಸಂತೆಯಲ್ಲಿ ಮಡಕೆ ಮುಂದಿಟ್ಟುಕೊಂಡು ಚೌಕಾಸಿಗೆ ಕೂರುತ್ತದೆ. ದೇವರ ದಿನ ಕೈಮುಗಿದವರೇ ಸಂತೆಯ ದಿನ ಹತ್ತು ರೂಪಾಯಿಗೆ ಎಳೆದಾಡುತ್ತಾರೆ.

ಅವರ ಪಕ್ಕದಲ್ಲಿ ನಾನೂ ಬೆಲೆ ಹಚ್ಚಿ ಕೂತರೆ ಏನಾಗುತ್ತದೆ? ನನಗೆ ನಷ್ಟವಾದರೂ ಅನ್ನಕ್ಕೆ ಕೊರತೆಯಿಲ್ಲ, ಹಾಗಾಗಿ ಅಗ್ಗಕ್ಕೆ ಕೊಟ್ಟೇನು. ಅದು ಅವರ ತಾಟಿಗೆ ಕೈ ಹಾಕಿದ ಹಾಗೆ. ಆದ್ದರಿಂದ ಅಡುಗೆಯ ಗಡಿಗೆ, ನೀರಿನ ಮಡಕೆ, ಹಣತೆ ನಾನು ಮಾಡುವುದಿಲ್ಲ. ಕೇಳಿಕೊಂಡು ಬಂದವರಿಗೆ ಗುನಗರ ಮನೆಯ ದಾರಿ ತೋರಿಸುತ್ತೇನೆ. ನಾನು ಮಾಡುವುದು ಲೇಪ ಹಚ್ಚಿದ ಲೋಟ, ಬೋಗುಣಿ, ಉಪ್ಪಿನ ಭರಣಿ. ಅವುಗಳನ್ನೂ ದುಡ್ಡಿನಿಂದ ಹೊರಗಿಟ್ಟರೆ ಯಾರ ವ್ಯಾಪಾರಕ್ಕೂ ಅಡ್ಡವಿಲ್ಲ ಎನ್ನುವುದು ನನ್ನ ಎಣಿಕೆ. ಇನ್ನೊಂದು ಕಟ್ಟು: ಯಾರದೋ ಕೂಲಿ ಕೆಲಸವನ್ನು ತಾಸಿನ ಹೆಸರಲ್ಲಿ ಮಾಡಿಸಿಕೊಳ್ಳುವುದಿಲ್ಲ. ಕಟ್ಟಿಗೆ ಒಡೆಯುವವನಿಗೆ, ಬಾವಿ ಕೆಸರು ತೆಗೆಯುವವನಿಗೆ ದುಡ್ಡೇ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ವ್ಯಾಯಾಮ ಆಗುತ್ತದೆಂದು ಲೋಟದ ಲೆಕ್ಕಕ್ಕೆ ಕಟ್ಟಿಗೆ ಒಡೆದುಕೊಟ್ಟರೆ, ಆ ದಿನದ ಕೂಲಿ ಕಳೆದುಕೊಂಡವನಿಗೆ ನನ್ನ ಆದರ್ಶದಿಂದ ಏನು ಸಿಕ್ಕಿತು?

ಇನ್ನು ಬೋಗುಣಿಗೆ ಎರಡು ತಾಸು ಎನ್ನುವ ಲೆಕ್ಕ. ತಿಗರಿಯ ಮೇಲೆ ಬೋಗುಣಿ ಎದ್ದು ನಿಲ್ಲಲು ಹತ್ತು ನಿಮಿಷ ಸಾಕು. ನೋಡಲು ಬಂದವರಿಗೆ ಕಾಣುವುದು ಆ ಹತ್ತು ನಿಮಿಷ ಮಾತ್ರ, ವಿಡಿಯೊ ಮಾಡಿಕೊಳ್ಳುವುದೂ ಅದನ್ನೇ. ಅದಕ್ಕೆ ಮೊದಲು ಗದ್ದೆಯ ಜೇಡಿಮಣ್ಣನ್ನು ನೀರಲ್ಲಿ ಕದಡಿ, ಕಲ್ಲು ಬೇರು ಸೋಸಿ, ಬಟ್ಟೆಯ ಮೇಲೆ ಹರವಿ ನೀರಿಳಿಸಿ, ಹದಕ್ಕೆ ಬಂದ ಮೇಲೆ ಒಳಗೆ ಗಾಳಿ ಉಳಿಯದ ಹಾಗೆ ನಾದಬೇಕು. ಅಘನಾಶಿನಿ ಹೊಳೆದಂಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ ಮಣ್ಣು ನೋಡಲು ಬಲು ನುಣುಪು, ಆದರೆ ಅದರೊಳಗಿನ ಉಪ್ಪು ಬಿಡುವುದಿಲ್ಲ. ಪಾತ್ರೆ ಒಣಗುವಾಗ ಉಪ್ಪು ಮೇಲಕ್ಕೆ ಬಂದು ಮೈಮೇಲೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪು ತಾಳುವ ಕಗ್ಗ ಭತ್ತಕ್ಕೆ ಒಗ್ಗಿದ ಮಣ್ಣು ನನಗೆ ಒಗ್ಗುವುದಿಲ್ಲ. ತಿಗರಿಯಿಂದ ಇಳಿದ ಪಾತ್ರೆ ಚಕ್ಕಳದಷ್ಟು ಗಟ್ಟಿಯಾದಾಗ ತಿರುವಿಹಾಕಿ ಬುಡ ಕೆತ್ತಬೇಕು. ಒಂದು ದಿನ ಮುಂಚೆಯಾದರೆ ಜಗ್ಗುತ್ತದೆ, ಒಂದು ದಿನ ತಡವಾದರೆ ಚಕ್ಕೆ ಏಳುತ್ತದೆ.

ಮಳೆಗಾಲದ ಕತೆಯೇ ಬೇರೆ. ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗೋಡೆಯೇ ಬೆವರುವ ಆ ದಿನಗಳಲ್ಲಿ ಬೇಸಗೆಯಲ್ಲಿ ವಾರದೊಳಗೆ ಒಣಗುವ ಲೋಟ ಅಟ್ಟದಲ್ಲೇ ಕೂತಿರುತ್ತದೆ. ಅವಸರಪಟ್ಟು ಒಲೆಯ ಹತ್ತಿರ ಇಟ್ಟರೆ ಒಂದು ಮೈ ಮೊದಲು ಒಣಗಿ ಬಿರುಕು ಬಿಡುತ್ತದೆ.

ಆಮೇಲೆ ಆವಿಗೆ. ಕಟ್ಟಿಗೆಯ ಸಣ್ಣ ಆವಿಗೆ ನನ್ನದು. ಮೊದಲ ಕೆಲವು ತಾಸು ಬರೀ ಹೊಗೆಯಷ್ಟು ಬೆಂಕಿ, ಮಣ್ಣಿನಲ್ಲಿ ಉಳಿದ ನೀರು ಆವಿಯಾಗಿ ನಿಧಾನ ಹೊರಬರಬೇಕು. ಇಲ್ಲದಿದ್ದರೆ ಪಾತ್ರೆ ಒಳಗೇ ಸಿಡಿಯುತ್ತದೆ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣೊಳಗಿನ ಬೆಣಚುಕಲ್ಲಿನ ಕಣಗಳು ಥಟ್ಟನೆ ಹಿಗ್ಗುತ್ತವೆ, ಅಲ್ಲೂ ತಾಳ್ಮೆ ಬೇಕು. ಲೇಪದ ಪಾತ್ರೆಗಳನ್ನು ಬೂದಿ ತಾಗದಂತೆ ಮಣ್ಣಿನ ಪೆಟ್ಟಿಗೆಗಳಲ್ಲಿಟ್ಟು ಮತ್ತೊಮ್ಮೆ ಸುಡಬೇಕು. ಒಳಗಿನ ಕೆಂಪು ಕಿತ್ತಳೆಗೆ ತಿರುಗುವವರೆಗೆ ಒಬ್ಬರಾದರೂ ಕಣ್ಣಿಟ್ಟು ಕಟ್ಟಿಗೆ ಕೊಡುತ್ತಿರಬೇಕು. ಆರುವುದಕ್ಕೆ ಮತ್ತೊಂದು ದಿನ. ಅಷ್ಟಾಗಿಯೂ ಬಾಗಿಲು ತೆಗೆದಾಗ ಕೆಲವು ಒಡೆದಿರುತ್ತವೆ, ಒಡೆದವುಗಳ ಹೊತ್ತನ್ನು ಉಳಿದವುಗಳ ತಲೆಗೆ ಕಟ್ಟಬೇಕು. ಹೀಗೆ ಎಣಿಸುತ್ತ ಹೋದರೆ ಲೆಕ್ಕ ಮುಗಿಯುವುದಿಲ್ಲ. ಎರಡು ತಾಸು ಎನ್ನುವುದು ನಾನೂ ಬೋಗುಣಿಯೂ ಮಾಡಿಕೊಂಡ ಒಂದು ರಾಜಿ.

ತಾಸನ್ನೇ ನಾಣ್ಯ ಮಾಡುವ ಯೋಚನೆ ಹೊಸದೇನಲ್ಲ. 1827ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜೊಸಾಯಾ ವಾರೆನ್ ಎಂಬಾತ ಒಂದು ಅಂಗಡಿ ತೆರೆದ. ಸಾಮಾನು ಹೆಚ್ಚೂಕಡಿಮೆ ಅಸಲಿಗೇ. ಆದರೆ ಗಿರಾಕಿಗಾಗಿ ಅಂಗಡಿಯವನು ಕಳೆದ ಹೊತ್ತಿಗೆ ಪ್ರತ್ಯೇಕ ಲೆಕ್ಕ. ಗೋಡೆಯ ಗಡಿಯಾರ ನೋಡಿ ನಿಮಿಷ ಎಣಿಸುವುದು, ಅಷ್ಟೇ ಹೊತ್ತು ತನ್ನ ಕಸುಬಿನ ಕೆಲಸ ಮಾಡಿಕೊಡುತ್ತೇನೆಂದು ಗಿರಾಕಿ ಚೀಟಿ ಬರೆದುಕೊಡುವುದು. ಕಷ್ಟದ, ಯಾರಿಗೂ ಬೇಡವಾದ ಕೆಲಸದ ತಾಸಿಗೆ ಹೆಚ್ಚು ಬೆಲೆ ಇರಬೇಕು ಎನ್ನುವುದು ಅವನ ವಾದವಾಗಿತ್ತು. ಈ ಪದ್ಧತಿ ನಮ್ಮ ಪೇಟೆಗೆ ಬಂದರೆ, ಅರ್ಧ ತಾಸು ಊರ ಸುದ್ದಿ ಮಾತಾಡಿ ಕಾಲು ಕಿಲೋ ಸಕ್ಕರೆ ಕೊಳ್ಳುವವರ ಗತಿ ಏನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವಾರೆನ್ ಮೂರು ವರ್ಷ ನಡೆಸಿ, ಇದು ಸಾಧ್ಯವೆಂದು ತೋರಿಸಿಯಾಯಿತು ಎಂದು ಅಂಗಡಿ ಮುಚ್ಚಿದ. ಲಂಡನ್ನಿನಲ್ಲಿ ರಾಬರ್ಟ್ ಓವನ್ 1832ರಲ್ಲಿ ದೊಡ್ಡದಾಗಿಯೇ ಶುರುಮಾಡಿದ. ಕುಶಲಕರ್ಮಿಗಳು ಸರಕು ತಂದು ಹಾಕಿ ತಾಸಿನ ನೋಟು ಪಡೆಯುವುದು, ಆ ನೋಟಿಗೆ ಬೇರೆಯವರ ಸರಕು ಒಯ್ಯುವುದು. ಬೇಕಾದ ಸರಕು ಬೇಗ ಖಾಲಿಯಾಗಿ ಯಾರಿಗೂ ಬೇಡದ್ದು ರಾಶಿ ಬಿತ್ತು, 1834ರಲ್ಲಿ ಬಾಗಿಲು ಹಾಕಿತು. ಜಪಾನಿನ ಒಸಾಕಾದಲ್ಲಿ 1973ರಲ್ಲಿ ತೆರುಕೊ ಮಿಜುಶಿಮಾ ಎಂಬ ಮಹಿಳೆ ಕಟ್ಟಿದ ಬ್ಯಾಂಕು ಹೆಚ್ಚಾಗಿ ಗೃಹಿಣಿಯರದ್ದು: ಕೈಲಾದಾಗ ಇನ್ನೊಬ್ಬರ ಮನೆಗೆಲಸಕ್ಕೆ ಒದಗಿ ತಾಸು ಕೂಡಿಡುವುದು, ತನಗೆ ಬೇಕಾದಾಗ ತೆಗೆದುಕೊಳ್ಳುವುದು. 1980ರ ದಶಕದಲ್ಲಿ ಅಮೆರಿಕದ ವಕೀಲ ಎಡ್ಗರ್ ಕಾನ್ ಇಂಥದ್ದೇ ಯೋಜನೆ ಕಟ್ಟಿ ವಕೀಲನ ತಾಸೂ ಕಸ ಗುಡಿಸುವವನ ತಾಸೂ ಒಂದೇ ಎಂದ.

ಶಿರಸಿಯ ನನ್ನ ಗೆಳತಿಯ ತಾಯಿಗೆ ಇದನ್ನೆಲ್ಲ ಹೇಳಿದರೆ ಅವರಿಗೆ ಜಪಾನೂ ಬೇಡ, ಅಮೆರಿಕವೂ ಬೇಡ. "ನಮ್ಮಲ್ಲಿ ಮುಯ್ಯಾಳು ಇತ್ತಲೇ ತಂಗಿ" ಎಂದರು. ದೇವಿಮನೆ ಘಟ್ಟ ಹತ್ತಿ ಹೋದರೆ ಅವರ ಅಡಿಕೆ ತೋಟ. ದೀಪಾವಳಿ ಕಳೆದು ಕೊಯ್ಲು ಶುರುವಾದರೆ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯವರೆಲ್ಲ ಒಂದು ಮನೆಯ ಅಂಗಳಕ್ಕೆ ಬರುವುದು, ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯುವುದು. ಮನೆಯವರು ನಡುವೆ ಚಾ, ಅವಲಕ್ಕಿ ಕೊಡುತ್ತಿದ್ದರು. ಇವತ್ತು ಇವರ ಮನೆ, ನಾಳೆ ಅವರ ಮನೆ. ಎಷ್ಟು ಅಡಿಕೆ ಎನ್ನುವುದಲ್ಲ, ಎಷ್ಟು ಆಳು ಎಷ್ಟು ರಾತ್ರಿ ಎನ್ನುವುದೇ ಲೆಕ್ಕ. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಯಾರ ಮನೆಯ ಚಾ ನೀರಾಗಿತ್ತು ಎನ್ನುವುದನ್ನು ಅವರು ಇವತ್ತಿಗೂ ಮರೆತಿಲ್ಲ.

"ತೋಟದ ಕೆಲಸಕ್ಕೆ ಬರ್ತಿದ್ರಲ್ಲ, ಅವರ ಮನೆಗೂ ಮುಯ್ಯಾಳಿಗೆ ಹೋಗ್ತಿದ್ರಾ?" ಎಂದು ಕೇಳಿದೆ.

"ಅವರಿಗೆ ತೋಟ ಎಲ್ಲಿತ್ತು?" ಎಂದರು ಅವರು. ಹೇಳಿದ ಮೇಲೆ ತಾವೇ ಒಂದು ಗಳಿಗೆ ಸುಮ್ಮನಾದರು. ಆಮೇಲೆ ತೊಡದೇವಿನ ಗಡಿಗೆಯ ಮಾತಿಗೆ ತಿರುಗಿದರು.

ಅವರಿಗೆ ನನ್ನಿಂದ ಬೇಕಾಗಿದ್ದದ್ದು ಅದು. ತೊಡದೇವು ಗೊತ್ತಿಲ್ಲದ ಬಯಲುಸೀಮೆಯವರಿಗಾಗಿ ಹೇಳುವುದಾದರೆ: ಒಲೆಯ ಮೇಲೆ ಗಡಿಗೆಯನ್ನು ಬೋರಲು ಹಾಕಿ, ಬಿಸಿಯಾದ ಅದರ ಬೆನ್ನಿಗೆ ಅಕ್ಕಿಹಿಟ್ಟು ಬೆಲ್ಲ ಕಲಸಿದ ತೆಳು ಹಿಟ್ಟನ್ನು ಬಟ್ಟೆಯಿಂದ ಒಂದೇ ಬೀಸಿಗೆ ಬಳಿದು, ಕಾಗದದಷ್ಟು ತೆಳುವಾಗಿ ಎಬ್ಬಿಸಿ, ಬಿಸಿಯಿರುವಾಗಲೇ ಮಡಿಸುವ ಸಿಹಿ. ಗಡಿಗೆಯ ಬೆನ್ನು ಸಮನಾಗಿ ಉರುಟಾಗಿರಬೇಕು, ಒಂದೇ ದಪ್ಪ ಇರಬೇಕು, ದಿನವಿಡೀ ಬೆಂಕಿಯ ಮೇಲಿದ್ದರೂ ಸೀಳಬಾರದು. ತಿಗರಿಯಲ್ಲಿ ಎತ್ತಿದ ಚಪ್ಪಟೆ ಬುಡದ ಪಾತ್ರೆಯಿಂದ ಆಗುವ ಕೆಲಸವಲ್ಲ. ಒಳಗೆ ಕಲ್ಲು ಒತ್ತಿ ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಬುಡ ಉರುಟು ಮಾಡಬೇಕು. ಆ ಕೈ ನನ್ನದಲ್ಲ. ಹಾಗಾಗಿ ಗುನಗರ ಅಜ್ಜನ ಮನೆಗೆ ಹೋದೆ, ದುಡ್ಡು ಹಿಡಿದುಕೊಂಡು.

ಅಜ್ಜ ತಟ್ಟುತ್ತಲೇ ಮಾತಾಡುವವರು. ನನ್ನ ತಾಸಿನ ಚೀಟಿಯ ವಿಷಯ ಅವರ ಕಿವಿಗೂ ಬಿದ್ದಿತ್ತು. ಅವರ ಅಪ್ಪನ ಕಾಲದಲ್ಲಿ ಮಡಕೆಗೆ ದುಡ್ಡು ಕೊಡುವವರು ಕಡಿಮೆ, ಮಡಕೆ ತುಂಬ ಭತ್ತ. ಕೆಲವು ದೊಡ್ಡ ಮನೆಗಳಿಗೆ ವರ್ಷವಿಡೀ ಬೇಕಾದ ಮಡಕೆ ಕೊಡುವುದು, ಸುಗ್ಗಿಯಲ್ಲಿ ಇಷ್ಟು ಎಂದು ಭತ್ತ ತರುವುದು. ನನಗೆ ಈ ಕತೆ ಚೆಂದ ಕಂಡಿತು. ದುಡ್ಡಿಲ್ಲದ ಬದುಕು, ಊರೆಲ್ಲ ಒಂದು ಹೆಣಿಗೆ, ಹೀಗೆ ಏನೋ ಅಂದೆ. ಅಜ್ಜ ಹಲಗೆ ನಿಲ್ಲಿಸಿದರು.

"ಭತ್ತ ಅಳೆಯೂರು ಅವ್ರು ತಂಗಿ. ನಮ್ಮಪ್ಪ ಅಂಗಳದಲ್ಲಿ ನಿಂತ್ಕಂಡಿರೂರು. ಈ ವರ್ಷ ಬೆಳೆ ಇಲ್ಲ ಅಂದ್ರೆ ಇಲ್ಲ. ಸಂತೇಲಿ ಹಂಗಲ್ಲ. ದುಡ್ಡು ಕೊಡ್ತಾರೆ, ಮಡಕೆ ತಕಂಡ್ ಹೋಗ್ತಾರೆ. ಅವ್ರು ಯಾರೋ, ನಾ ಯಾರೋ. ಅಷ್ಟೇ ಸೈ."

ದುಡ್ಡು ಸಂಬಂಧವನ್ನು ಕಡಿಯುತ್ತದೆ ಎನ್ನುವುದು ನನ್ನಂಥವರ ದೂರು. ಅಜ್ಜನ ಮಟ್ಟಿಗೆ ಅದೇ ದುಡ್ಡಿನ ಗುಣ. ಉತ್ತರ ಕನ್ನಡದಲ್ಲಿ ಹೊತ್ತನ್ನು ಕೊಡುವುದಕ್ಕೆ ಬಹಳ ಕಾಲ ಇನ್ನೊಂದು ಮುಖವೂ ಇತ್ತು. ಗೇಣಿಗೆ ಗದ್ದೆ ಮಾಡುವವರು ಗೇಣಿಯ ಭತ್ತ ಅಳೆದುಕೊಟ್ಟ ಮೇಲೂ ಧಣಿಯ ಮನೆಯ ಬಿಟ್ಟಿ ಕೆಲಸಕ್ಕೆ ಹೋಗಬೇಕಿತ್ತು. ಸಾಲ ಮಾಡಿದವರು ಬಡ್ಡಿಗೆ ಬದಲಾಗಿ ದುಡಿಯಬೇಕಿತ್ತು. ಚುಟುಕು ಬರೆದ ದಿನಕರ ದೇಸಾಯಿ ಎಂದರೆ ನಮಗೆ ಶಾಲೆಯ ಪದ್ಯ ನೆನಪಾಗುತ್ತದೆ. ಅವರು 1940ರ ದಶಕದಲ್ಲಿ ಇಲ್ಲಿನ ಗೇಣಿದಾರರನ್ನು ಸಂಘಟಿಸಿದ್ದಕ್ಕೆ ಜಿಲ್ಲೆಯಿಂದಲೇ ಗಡೀಪಾರಾದವರು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿತವನ್ನು ನಿಷೇಧಿಸಿತು, 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು, 1976ರಲ್ಲಿ ಜೀತ ರದ್ದತಿಯ ಕಾಯಿದೆ ಬಂತು. ತನ್ನ ಹೊತ್ತು ತನ್ನದೇ ಎಂದು ಹೇಳಿಕೊಳ್ಳಲು ಇಲ್ಲಿನ ಜನ ಇಷ್ಟು ದಾರಿ ನಡೆದಿದ್ದಾರೆ. ಅಂಥ ಊರಲ್ಲಿ ಪಾತ್ರೆ ಒಯ್ಯಿರಿ, ಹೊತ್ತು ಕೊಡಿ ಎಂದು ಚೀಟಿ ಹಚ್ಚುವುದು ತೀರಾ ಮುಗ್ಧ ಸಂಗತಿಯಲ್ಲ.

ಇದನ್ನು ನನಗೆ ಇನ್ನೂ ಚುಟುಕಾಗಿ ಹೇಳಿದವರು ಬಳಚು, ಅಂದರೆ ತಿನ್ನುವ ಚಿಪ್ಪಿ ತೆಗೆಯುವ ಅಕ್ಕ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಕೂತು ಬಳಚು ಹೆಕ್ಕಿ, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುತ್ತಾರೆ. ಅವರಿಗೆ ಉಪ್ಪು ಹಾಕಿಡಲು ಭರಣಿ ಬೇಕಿತ್ತು. ಲೇಪವಿಲ್ಲದ ಮಡಕೆಯಲ್ಲಿ ಉಪ್ಪಿಟ್ಟರೆ ಅದು ಮಣ್ಣಿನ ಸಂದುಗಳಿಗಿಳಿದು ಹರಳುಗಟ್ಟಿ ಮಡಕೆಯನ್ನೇ ಪದರು ಪದರಾಗಿ ಉದುರಿಸುತ್ತದೆ, ಹಾಗಾಗಿ ನನ್ನ ಭರಣಿಯೇ ಆಗಬೇಕು. ಐದು ತಾಸು ಎಂದೆ. ಬುಧವಾರ ಸಂಜೆ ಒಂದು ತಾಸು, ಮುಂದಿನ ಬುಧವಾರ ಒಂದು ತಾಸು, ನಿಧಾನ ತೀರಿಸಿದರಾಯಿತು ಎಂದು ನಾನೇ ದಾರಿಯನ್ನೂ ಹೇಳಿದೆ.

"ತಾಸು ಗೀಸು ಬ್ಯಾಡ ತಂಗಿ, ಎಷ್ಟ್ ರೂಪಾಯಿ ಹೇಳು" ಎಂದರು. "ಇವತ್ತು ನೀರು ಇಳಿಯೂದು ಹತ್ತಕ್ಕೆ, ನಾಳೆ ಹನ್ನೊಂದರ ಹತ್ರ. ನನ್ನ ಹೊತ್ತು ನಂಗೇ ಗೊತ್ತಿಲ್ಲ, ನಿಂಗೆಲ್ಲಿಂದ ಕೊಡ್ಲಿ?"

ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅದನ್ನು ನಾನು ಶಾಲೆಯಲ್ಲಿ ಓದಿದ್ದೆ. ಅದರ ಬೆನ್ನು ಹಿಡಿದು ಬದುಕುವವರಿಗೆ ಬುಧವಾರ ಸಂಜೆ ಎನ್ನುವ ವಸ್ತುವೇ ಇಲ್ಲ. ಬಳಚು ಇಲ್ಲದ ಹೊತ್ತಿನಲ್ಲಿ ಅವರಿಗೆ ಮನೆ, ಮೊಮ್ಮಕ್ಕಳು, ಹಾಸಿಗೆ ಹಿಡಿದ ಗಂಡ. ಐದು ತಾಸು ಎಂದರೆ ಅವರಿಗೆ ಒಂದು ಇಳಿತದ ದುಡಿಮೆಗಿಂತ ಹೆಚ್ಚು. ಅದೇ ಐದು ತಾಸು ನಿವೃತ್ತ ಮಾಸ್ತರರಿಗೆ ಒಂದು ಮಧ್ಯಾಹ್ನದ ನಿದ್ದೆ ಮತ್ತು ಸಂಜೆಯ ತಿರುಗಾಟ. ಎಲ್ಲರ ತಾಸೂ ಒಂದೇ ಎನ್ನುವ ಎಡ್ಗರ್ ಕಾನ್‌ನ ಮಾತು ಕೆಲಸದ ಘನತೆಯ ಮಟ್ಟಿಗೆ ಸರಿ. ಆದರೆ ತಾಸು ಕೈಯಲ್ಲಿರುವವರು, ಇಲ್ಲದವರು ಎಂದು ಜನರಲ್ಲೇ ಎರಡು ಪಂಗಡ ಇದೆ. ದುಡ್ಡಿನ ಹಂಚಿಕೆಗಿಂತ ಹೊತ್ತಿನ ಹಂಚಿಕೆಯೇನೂ ನ್ಯಾಯವಾಗಿಲ್ಲ. ಬಳಚಿನ ಅಕ್ಕನ ಹತ್ತಿರ ನೂರರ ನೋಟು ಇತ್ತು, ತಾಸು ಇರಲಿಲ್ಲ. ಅವರು ದುಡ್ಡು ಎಣಿಸಿ ಭರಣಿ ಬುಟ್ಟಿಯಲ್ಲಿಟ್ಟುಕೊಂಡು ಹೊರಟರು. ನನಗೆ ಅವರ ಋಣವಿಲ್ಲ, ಅವರಿಗೆ ನನ್ನ ಋಣವಿಲ್ಲ.

ಈಗ ಪ್ರತಿ ಚೀಟಿಯ ಹಿಂಬದಿಗೆ ರೂಪಾಯಿಯೂ ಇದೆ, ಸಂತೆಯ ಮಡಕೆಗಿಂತ ಮೇಲೇ. ಯಾವ ಬದಿ ಎನ್ನುವುದು ಒಯ್ಯುವವರ ಇಷ್ಟ, ನಾನು ಬಾಯಿ ಹಾಕುವುದಿಲ್ಲ. ನೋಡಿದರೆ ಚೀಟಿ ತಿರುವಿ ನೋಡುವವರು ಹೆಚ್ಚಾಗಿ ದುಡಿದು ತಿನ್ನುವವರು. ದುಡ್ಡು ಧಾರಾಳ ಇರುವವರಿಗೆ ತಾಸಿನ ಬದಿಯ ಮೇಲೇ ಮೋಹ, ಮತ್ತು ಚೀಟಿಯ ಫೋಟೊ ತೆಗೆದುಕೊಳ್ಳುವವರೂ ಅವರೇ. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವ ಹುಡುಗನೊಬ್ಬ ಮೂರು ಲೋಟಕ್ಕೆ ಬದಲಾಗಿ ನನಗೊಂದು ಆ್ಯಪ್ ಮಾಡಿಕೊಡುತ್ತೇನೆ, ತಾಸಿನ ಲೆಕ್ಕ ಅದರಲ್ಲೇ ಇಡಬಹುದು ಎಂದ. ಬೇಡ, ಮಣ್ಣು ನಾದು ಎಂದೆ. ನಾದಿದ. ಚೆನ್ನಾಗಿಯೇ ನಾದಿದ, ಮರುದಿನ ಕೈ ಎತ್ತಲಾಗುವುದಿಲ್ಲ ಎಂದು ಮೆಸೇಜು ಬಂತು. ಸಿ.ಎ. ಓದುತ್ತಿರುವ ಇನ್ನೊಬ್ಬ, ವಸ್ತು ವಿನಿಮಯವೂ ಜಿಎಸ್‌ಟಿ ಕಾಯಿದೆಯ ಪ್ರಕಾರ ಪೂರೈಕೆಯೇ ಎಂದು ಹೆದರಿಸಿದ. ನಿಜ, 2017ರ ಕಾಯಿದೆ ಹಾಗೆಯೇ ಹೇಳುತ್ತದೆ. ನನ್ನ ಹಲಗೆಯ ಮೇಲಿನ ವಹಿವಾಟು ನೋಂದಣಿಯ ಮಿತಿ ಮುಟ್ಟಬೇಕಾದರೆ ಊರವರೆಲ್ಲ ತಲೆಗೊಂದು ಗಾಡಿ ಲೋಟ ಒಯ್ಯಬೇಕಾದೀತು.

ಹೊತ್ತು ಇಲ್ಲದವರ ಕತೆ ಹೀಗಾದರೆ ಹೊತ್ತು ಹೆಚ್ಚಾದವರದ್ದು ಇನ್ನೊಂದು. ನಮ್ಮ ಕೇರಿಯ ತುದಿಯ ಮನೆಯಲ್ಲಿ ಅಕ್ಕೋರು ಒಬ್ಬರೇ ಇದ್ದಾರೆ. ಕನ್ನಡ ಶಾಲೆಯಲ್ಲಿ ಊರಿನ ಅರ್ಧ ಜನರಿಗೆ ಅಕ್ಷರ ಕಲಿಸಿದವರು. ಮಕ್ಕಳು ದೂರ. ಒಂದು ಬೋಗುಣಿ ಒಯ್ದು, ಎರಡು ತಾಸಿಗೆ ಏನು ಮಾಡಲಿ ಎಂದು ನನ್ನನ್ನೇ ಕೇಳಿದರು. ಮೊಣಕಾಲು ನೋವು, ನೆಲಕ್ಕೆ ಕೂರಲಾರರು. ನಾನು ಬುಡ ಕೆತ್ತುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದಿ ಹೇಳಿ ಎಂದೆ. ಅವರು ಸಂಪಾದಕೀಯದಿಂದ ಶ್ರದ್ಧಾಂಜಲಿಯ ಜಾಹೀರಾತಿನವರೆಗೆ ಸ್ಪಷ್ಟ ಉಚ್ಚಾರದಲ್ಲಿ ಓದಿದರು. ನಡುವೆ ತಪ್ಪು ಅಚ್ಚಾದದ್ದನ್ನು ತಿದ್ದಿ, ಪತ್ರಿಕೆಯವರಿಗೆ ಬೈದು, ಸತ್ತವರಲ್ಲಿ ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಎಂದೂ ಸೇರಿಸಿದರು. ಎರಡು ತಾಸು ಎಂದೋ ತೀರಿದೆ. ಅಡ್ಡಗೆರೆ ಎಳೆದಿದ್ದೇನೆ ಎಂದು ಹೇಳಿದರೆ ಬರುವುದು ನಿಲ್ಲಿಸಿಯಾರೆಂದು ಹೇಳಿಲ್ಲ. ಅವರೂ ಕೇಳಿಲ್ಲ. ಇಬ್ಬರಿಗೂ ಲೆಕ್ಕ ಚೆನ್ನಾಗಿ ಬರುತ್ತದೆ.

ಅಜ್ಜನ ಮಾತು ಕೇಳಿ, ಬಳಚಿನ ಅಕ್ಕನ ಮಾತು ಕೇಳಿ, ದುಡ್ಡೇ ಸರಿ ಎಂದು ಹೆಚ್ಚೂಕಡಿಮೆ ತೀರ್ಮಾನಕ್ಕೆ ಬಂದಿದ್ದೆ. ಚೀಟಿಯ ಎರಡೂ ಬದಿಯನ್ನು ಉಳಿಸಿಕೊಂಡದ್ದು ಆಚೆಮನೆಯ ಸೊಸೆಯ ದೆಸೆಯಿಂದ.

ಅವಳು ಮದುವೆಯಾಗಿ ಬಂದು ಹೆಚ್ಚು ಕಾಲವಾಗಿಲ್ಲ. ಡಿಗ್ರಿ ಆಗಿದೆ. ದುಡ್ಡು ಅವಳ ಕೈಯಲ್ಲಿ ಇರುವುದಿಲ್ಲ. ಹೊತ್ತೂ ಅವಳದ್ದಲ್ಲ: ಎಲ್ಲಿಗೆ ಹೊರಟರೂ ಯಾಕೆ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ ಹೋಗಬೇಕು. ಅತ್ತೆ ಕೆಟ್ಟವರೇನಲ್ಲ, ತಮ್ಮ ಅತ್ತೆಯಿಂದ ಕಲಿತದ್ದನ್ನು ಮುಂದುವರಿಸಿದ್ದಾರೆ, ಅಷ್ಟೇ. ಒಮ್ಮೆ ಮಜ್ಜಿಗೆ ಕೇಳುವ ನೆವದಲ್ಲಿ ಬಂದವಳು ಒಂದು ಲೋಟ ನೋಡಿ ಇಷ್ಟಪಟ್ಟಳು. ಚೀಟಿ ಓದಿದಳು. "ಅತ್ತೆನ ಕೇಳಿ ಹೇಳ್ತೆ ಅಕ್ಕ" ಎಂದು ಲೋಟ ಒಯ್ದಳು.

ಮರುದಿನ ಅವಳೇ ಬಂದಳು. ಅತ್ತೆ ಹೇಳಿದರಂತೆ: "ಒಬ್ರ ಸಾಲ ಇಟ್ಕೊಳ್ಳೂದು ಒಳ್ಳೇದಲ್ಲ, ಹೋಗಿ ತೀರ್ಸ್ಕಂಡು ಬಾ." ನಮ್ಮ ಕಡೆ ಯಾವ ಮನೆಯ ಹಿರಿಯರೂ ಇದಕ್ಕೆ ಬೇರೆ ಮಾತು ಹೇಳಲಾರರು. ಸುಮ್ಮನೆ ಆಚೆಮನೆಗೆ ಹೋಗಿ ಕೂತು ಬರುತ್ತೇನೆಂದರೆ ಹಾಳು ಹರಟೆ. ಕಲಿಯಲು ಹೋಗುತ್ತೇನೆಂದರೆ ಈಗ ಎಂತಕ್ಕೆ. ಸಾಲ ತೀರಿಸಲು ಹೋಗುತ್ತೇನೆಂದರೆ ಮನೆಯ ಮರ್ಯಾದೆಯ ಪ್ರಶ್ನೆ, ತಡೆಯುವಂತಿಲ್ಲ.

ಮೊದಲ ದಿನ ಮಣ್ಣು ಸೋಸಿದಳು. ಎರಡನೆಯ ಲೋಟ ಒಯ್ದಳು, ಮತ್ತೆ ಬಂದಳು. ನಾನು ತಿಗರಿ ಬಿಟ್ಟುಕೊಟ್ಟೆ. ಮಣ್ಣು ನಡುವಿಗೆ ನಿಲ್ಲದೆ ಅತ್ತಿತ್ತ ಓಲಾಡಿ ಅವಳ ಮೊಣಕೈಯವರೆಗೆ ಕೆಸರು. ಅಷ್ಟು ನಕ್ಕದ್ದನ್ನು ನಾನು ಅವರ ಮನೆಯಲ್ಲಿ ಕೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಸಾಲ ತೀರುವುದೇ ಇಲ್ಲ. ಒಂದು ಅಡ್ಡಗೆರೆ ಬೀಳುವ ಮೊದಲೇ ಇನ್ನೊಂದು ಪಾತ್ರೆ ಹೋಗಿರುತ್ತದೆ. ಅವರ ಅಡುಗೆಮನೆಯ ನಾಗಂದಿಗೆಯಲ್ಲಿ ಈಗ ನನ್ನ ಪಾತ್ರೆಗಳದ್ದೇ ಸಾಲು. ಅತ್ತೆಗೆ ಅನುಮಾನ ಬಂದಿಲ್ಲವೆಂದು ನಾನು ಹೇಳಲಾರೆ. ಮೊನ್ನೆ ಅವರೇ ಬೇಲಿಯಾಚೆಯಿಂದ, "ಉಪ್ಪಿನಕಾಯಿಗೊಂದು ಭರಣಿ ಬೇಕಾಗಿತ್ತು, ಇವಳೇ ಬಂದು ಕೆಲಸ ಮಾಡ್ಕೊಡ್ತಾಳೆ" ಎಂದರು. ಅದು ಭರಣಿಯ ಮಾತೋ ಸೊಸೆಯ ಮಾತೋ, ಅವರ ಮುಖ ನೋಡಿ ಹೇಳಲು ಬರುವುದಿಲ್ಲ.

ಬಳಚಿನ ಅಕ್ಕನಿಗೆ ಋಣವಿಲ್ಲದಿರುವುದೇ ಬಿಡುಗಡೆ. ಇವಳಿಗೆ ಹೊಸ್ತಿಲು ದಾಟಲು ಋಣವೇ ಬೇಕಾಯಿತು. ಇವೆರಡನ್ನೂ ಒಂದೇ ಲೆಕ್ಕಕ್ಕೆ ಹೇಗೆ ತರುವುದೆಂದು ವಾರೆನ್‌ನ ಗಡಿಯಾರಕ್ಕೂ ತಿಳಿಯದು, ನನಗೂ ತಿಳಿಯದು. ಚೀಟಿಗೆ ಎರಡು ಬದಿ ಇರುವುದರಿಂದ ಸದ್ಯಕ್ಕೆ ತೊಂದರೆಯಿಲ್ಲ.

ಮುಂದಿನ ಆವಿಗೆಗೆ ಅಪ್ಪೆಮಿಡಿ ಹಾಕಿಡುವಂಥ ದೊಡ್ಡ ಭರಣಿಯೊಂದು ಒಣಗುತ್ತಿದೆ. ಅತ್ತೆಗೆ ಬೇಕಾದದ್ದು ಅದೇ. ನಿನ್ನೆ ಸೊಸೆ ಅದರ ಸುತ್ತ ಒಂದು ಸುತ್ತು ಬಂದು, "ಇದಕ್ಕೆಷ್ಟು ತಾಸು ಅಕ್ಕ?" ಎಂದಳು.

"ಎಂಟು" ಎಂದೆ.

"ಎಂಟೇಯಾ? ಇಷ್ಟು ದೊಡ್ಡ ಭರಣಿಗೆ?" ಎಂದು ಮುಖ ಸಣ್ಣ ಮಾಡಿದಳು. "ಇಲ್ಲ ಇಲ್ಲ, ನಿಮಗೆ ಲುಕ್ಸಾನಾಗ್ತದೆ. ಹನ್ನೆರಡು ಬರ್ಕೊಳ್ಳಿ."